ಹಳದಿ ಪಟ್ಟಿ ಸಾಹೇಬರ ಕೆಂಪು ಚೀಟಿ

ನನ್ನ ಷಡ್ಡಕರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಿದ್ದೇನೆ. ಕಷ್ಟದ ಕೆಲಸ. ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡ ಇಬ್ಬರು ಗಂಡಸರ ನಡುವೆ ಎಂಥ ಪ್ರೀತಿ ಹರಿಯುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಅವರು ಅಕ್ಕನ ಗಂಡ, ನಾನು ತಂಗಿಯ ಗಂಡ. ಹಾಗಾಗಿ ಅವರು ಏನು ಮಾಡಿದರೂ ಮಾದರಿ, ನಾನು ಏನು ಮಾಡಿದರೂ ಆ ಮಾದರಿಗೆ ಒಂದು ಗೇಣು ಕಡಿಮೆ. "ಭಾವನ್ನ ನೋಡಿ ಕಲೀರಿ" ಎನ್ನುವುದು ನಮ್ಮ ಮನೆಯಲ್ಲಿ ಬೆಳಗ್ಗೆ ಅಲಾರಂ ಆದ ಮೇಲೆ ಕೇಳಿಸುವ ಮೊದಲ ಸದ್ದು. ಸಾಲದ್ದಕ್ಕೆ ಇಬ್ಬರಿಗೂ ಒಂದೇ ಕಾರ್ಖಾನೆಯಲ್ಲಿ ಅನ್ನ. ಅಲ್ಯೂಮಿನಿಯಂ ಏಣಿ ಮಾಡುವ ಕಾರ್ಖಾನೆ. ಅವರು ಅಲ್ಲಿ ಸೂಪರ್‌ವೈಸರ್, ನಾನು ಪ್ಯಾಕಿಂಗ್. ಅವರು ಮಾಡಿಸಿದ್ದನ್ನು ನಾನು ರಟ್ಟು ಸುತ್ತಿ ಲಾರಿಗೆ ಏರಿಸಬೇಕು.

ಭಾವನವರು ಹುಟ್ಟಾ ಅಚ್ಚುಕಟ್ಟು. ಹೋಟೆಲಿನಲ್ಲಿ ಕೂತರೆ ಪಕ್ಕದ ಮೇಜಿನವನ ಲೋಟವನ್ನೂ ನೇರ ಮಾಡದೆ ಇವರಿಗೆ ತುತ್ತು ಇಳಿಯುವುದಿಲ್ಲ. ನಮ್ಮ ಮನೆಗೆ ಬಂದರೆ ಮೊದಲು ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸುತ್ತಾರೆ, ಆಮೇಲೆ ಗೋಡೆಯ ಮೇಲಿನ ಫೋಟೋ ಸರಿಮಾಡುತ್ತಾರೆ, ಅದಾದ ಮೇಲೆ "ಚೆನ್ನಾಗಿದೀರಾ?" ಎಂದು ಕೇಳುತ್ತಾರೆ. ಅಷ್ಟರಲ್ಲಿ ನಾನು ಚೆನ್ನಾಗಿರುವುದನ್ನು ನಿಲ್ಲಿಸಿರುತ್ತೇನೆ.

ಇಂಥ ಮನುಷ್ಯ ಕಾರ್ಖಾನೆಗೆ ಸೇರಿದಾಗ ಏಣಿಯ ಕಂಬಿಗೆ ತೂತು ಕೊರೆಯುವ ಡ್ರಿಲ್ಲಿಂಗ್ ಯಂತ್ರದಲ್ಲಿದ್ದರು. ಆಗ ಶೆಡ್ಡಿನ ತುದಿಯಲ್ಲಿ, ನನ್ನ ಪ್ಯಾಕಿಂಗ್ ಮೇಜಿಗೆ ತಗುಲಿದಂತೆ, ಅತ್ತಿಗೆಯ ಜಾಗ. ಆಗಿನ್ನೂ ಅವರು ನನಗೆ ಅತ್ತಿಗೆಯಾಗಿರಲಿಲ್ಲ, ಇವರಿಗೆ ಹೆಂಡತಿಯೂ ಆಗಿರಲಿಲ್ಲ. ಅವರ ಕೆಲಸ ಏಣಿ ಹತ್ತುವುದು. ನಗಬೇಡಿ. ಆ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಏಣಿಯನ್ನೂ ಒಬ್ಬರು ಹತ್ತಿ ನೋಡಲೇಬೇಕೆನ್ನುವುದು ಯಜಮಾನರ ತಂದೆಯ ಕಾಲದಿಂದ ಬಂದ ಪದ್ಧತಿ. ಅತ್ತಿಗೆ ಸರಸರ ಹತ್ತಿ, ಮೇಲಿನ ಮೆಟ್ಟಿಲಲ್ಲಿ ನಿಂತು, ಬಲಗಾಲಿನ ಹಿಮ್ಮಡಿಯಿಂದ ಧಪ್ ಎಂದು ಒಂದು ಸಲ ಕುಟ್ಟಿ, ಇಳಿದು, ಏಣಿಯನ್ನು ನನ್ನ ಕಡೆ ತಳ್ಳುತ್ತಿದ್ದರು. ತೂತು ಸೊಟ್ಟಗಾಗಿ, ಮೆಟ್ಟಿಲನ್ನು ಕಂಬಿಗೆ ಬಿಗಿಯುವ ರಿವೆಟ್ಟು ಸಡಿಲವಿದ್ದರೆ ಏಣಿ ಕಿರ್ ಎನ್ನುತ್ತಿತ್ತು. ಕಿರ್ ಎಂದದ್ದು ವಾಪಸ್ಸು.

ವಾಪಸ್ಸು ಹೋಗುವ ಏಣಿಗಳಲ್ಲಿ ಭಾವನವರು ತೂತು ಕೊರೆದವೇ ಹೆಚ್ಚು. ಅವನ್ನು ತೆಗೆದುಕೊಂಡು ಹೋಗಲು ಅವರೇ ಬರಬೇಕು. ಬರುತ್ತಿದ್ದರು. ಕೂದಲು ಬಾಚಿಕೊಂಡು ಬರುತ್ತಿದ್ದರು. ಲೋಟ ನೇರ ಮಾಡುವ ಕೈಯಲ್ಲಿ ತೂತು ಮಾತ್ರ ಯಾಕೆ ಸೊಟ್ಟಗಾಗುತ್ತದೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಅನುಮಾನ ಬಂದು, ಆ ಅನುಮಾನ ಮದುವೆಯಲ್ಲಿ ಬಗೆಹರಿಯಿತು. ಕೆಟ್ಟ ಮಾಲಿನಿಂದ ಇಷ್ಟು ಒಳ್ಳೆಯದಾದದ್ದು ಆ ಕಾರ್ಖಾನೆಯಲ್ಲಿ ಅದೊಂದೇ ಸಲ. ಮದುವೆಗೆ ಬಂದ ನಾನು ತಂಗಿಯನ್ನು ನೋಡಿದೆ. ನನ್ನ ಕಥೆ ಇಲ್ಲಿ ಬೇಡ.

ಹೀಗೆ ಕಾಲ ಹೋಗಿ, ಭಾವನವರು ಸೂಪರ್‌ವೈಸರ್ ಆಗಿ, ಅತ್ತಿಗೆ ಏಣಿ ಹತ್ತುತ್ತಲೇ ಇದ್ದು, ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಬಂದು ಹೋಗುತ್ತ ಎಲ್ಲರ ಕಣ್ಣಿಗೂ ತಂಪಾಗಿದ್ದರು. ಅಷ್ಟರಲ್ಲಿ ಒಬ್ಬ ದೊಡ್ಡ ಗಿರಾಕಿ, ನಿಮ್ಮ ಕಾರ್ಖಾನೆಯಲ್ಲಿ ಲೀನ್ ಪದ್ಧತಿ ಬಂದರೆ ಮಾತ್ರ ಮಾಲು ಕೊಳ್ಳುತ್ತೇವೆ ಎಂದು ಯಜಮಾನರಿಗೆ ಹೇಳಿಬಿಟ್ಟ. ಲೀನ್ ಅಂದರೇನು ಎಂದು ಯಜಮಾನರು ವಿಚಾರಿಸಿದರು. ತೆಳ್ಳಗೆ, ಕೊಬ್ಬಿಲ್ಲದೆ ಎಂದು ಯಾರೋ ಅರ್ಥ ಹೇಳಿದರು. ಮರುದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆಲ್ಟಿನ ಕೊನೆಯ ತೂತಿಗೂ ಜಗ್ಗದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮಲ್ಲಿ ಕೊಬ್ಬು ಜಾಸ್ತಿ ಆಗಿದೆ" ಎಂದರು. ನಾವೆಲ್ಲ ನೆಲ ನೋಡಿದೆವು.

ತರಬೇತಿಗೆ ಹೋಗಲು ಭಾವನವರಿಗಿಂತ ತಕ್ಕವರು ಯಾರು? ಐದು ದಿನದ ತರಬೇತಿ. ನಾಲ್ಕನೆಯ ದಿನ ಸಂಜೆ ಯಜಮಾನರು ಫೋನು ಮಾಡಿ ವಾಪಸ್ ಕರೆಸಿಕೊಂಡರು. "ಕೊನೇ ದಿನ ಬರೀ ಭಾಷಣ ಇರುತ್ತೆ. ಕಲ್ತಿದ್ದು ಸಾಕು, ಬಾ" ಎಂದರಂತೆ. ಪೋಲು ಮಾಡಬಾರದು ಎಂದು ಕಲಿಯಲು ಹೋದವನನ್ನು ಕಲಿಯುವುದೇ ಪೋಲು ಎಂದು ಅರ್ಧದಲ್ಲಿ ಎಬ್ಬಿಸಿಕೊಂಡು ಬಂದ ಯಜಮಾನ ಇನ್ನೊಬ್ಬನಿರಲಾರ.

ಬಂದವರೇ ಭಾವನವರು ನೆಲಕ್ಕೆ ಹಳದಿ ಪಟ್ಟಿ ಅಂಟಿಸತೊಡಗಿದರು. ಯಂತ್ರದ ಸುತ್ತ ಪಟ್ಟಿ, ಪೊರಕೆಯ ಸುತ್ತ ಪಟ್ಟಿ, ಕಸದ ಡಬ್ಬಿಯ ಸುತ್ತ ಪಟ್ಟಿ. ವೆಲ್ಡಿಂಗ್ ಅಜ್ಜ ಮಧ್ಯಾಹ್ನ ಗೋಡೆಗೊರಗಿ ತೂಕಡಿಸುವ ಜಾಗಕ್ಕೂ ಪಟ್ಟಿ ಬಿತ್ತು. ಅದು ತೂಕಡಿಸಬಾರದೆಂದೋ ಅಲ್ಲೇ ತೂಕಡಿಸಬೇಕೆಂದೋ ಅಜ್ಜನಿಗೆ ಕೊನೆಯವರೆಗೂ ತಿಳಿಯಲಿಲ್ಲ, ಕೇಳುವ ಉಸಾಬರಿಗೂ ಹೋಗಲಿಲ್ಲ. ಶೆಡ್ಡಿನವರು ಭಾವನವರಿಗೆ ಹಳದಿ ಪಟ್ಟಿ ಸಾಹೇಬರು ಎಂದು ಹೆಸರಿಟ್ಟರು. ಹೆಸರಿಟ್ಟವರಲ್ಲಿ ನಾನಿದ್ದೆನೋ ಇಲ್ಲವೋ ಎನ್ನುವುದು ನಮ್ಮ ಸಂಸಾರದ ನೆಮ್ಮದಿಯ ಪ್ರಶ್ನೆ.

ಪಟ್ಟಿಯ ಹಿಂದೆಯೇ ಕೆಂಪು ಚೀಟಿ ಬಂತು. ಯಾವುದು ಕೆಲಸಕ್ಕೆ ಬಾರದೆಂದು ಅನಿಸುತ್ತದೋ ಅದಕ್ಕೆ ದಾರ ಕಟ್ಟಿ 'ವ್ಯರ್ಥ' ಎಂದು ಬರೆದ ಕೆಂಪು ಚೀಟಿ ನೇತುಹಾಕುವುದು. ವಾರದೊಳಗೆ ಯಾರೂ ಬಂದು ಇದು ನನಗೆ ಬೇಕು ಎನ್ನದಿದ್ದರೆ ಅದು ಗುಜರಿಗೆ. ಕಾರ್ಖಾನೆಯಲ್ಲಿ ಮುರಿದ ಸ್ಟೂಲು, ಕಬ್ಬಿಣ ಕಚ್ಚಿ ಹಿಡಿಯುವ ತುಕ್ಕು ವೈಸು, ಯಾರ ಕಾಲಕ್ಕೋ ಸೇರಿದ ಟೈಪ್‌ರೈಟರ್ ಎಲ್ಲ ಹೋದವು. ಅವರ ಮನೆಯಲ್ಲೂ ಶುರುವಾಯಿತು. ಅವರ ಜೊತೆಗೇ ಇದ್ದ ನಮ್ಮ ಮಾವನವರ ಆರಾಮ ಕುರ್ಚಿಗೆ ಚೀಟಿ ಬಿತ್ತು, ಮಾವನವರು ಅದರಲ್ಲಿ ಕೂತಿರುವಾಗಲೇ. ಕಿವಿ ಮಂದವಾದ ಮುದುಕರು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಓದಿ, "ಇದು ಕುರ್ಚಿಗಾ, ನನಗಾ?" ಎಂದು ಮಗಳನ್ನು ಕೇಳಿದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಗ ಅವರಿಗೆ ಇದೆಲ್ಲ ಗಂಡನ ಒಂದು ಹುಚ್ಚು, ಅಷ್ಟೆ.

ಇಲ್ಲಿಯವರೆಗೆ ನಾನು ಹೊಟ್ಟೆಕಿಚ್ಚಿನಿಂದಲೇ ಬರೆದಿರಬಹುದು. ಆದರೆ ನ್ಯಾಯವಾಗಿ ಹೇಳಬೇಕಾದದ್ದೂ ಇದೆ, ಹಲ್ಲು ಕಚ್ಚಿಕೊಂಡು ಹೇಳುತ್ತೇನೆ. ಆ ಮನುಷ್ಯ ಮಾಡಿದ್ದು ಕೆಲಸಕ್ಕೆ ಬಂತು. ಸಲಹೆ ಹಾಕಲು ಒಂದು ಪೆಟ್ಟಿಗೆ ಇಟ್ಟರು, ಜನ ನಿಜಕ್ಕೂ ಸಲಹೆ ಹಾಕಿದರು. ಸ್ಕ್ರೂ ತರಲು ಶೆಡ್ಡಿನ ಆ ತುದಿಗೆ ನಡೆಯುವುದು ತಪ್ಪಿತು. ಡ್ರಿಲ್ಲಿಂಗ್ ಯಂತ್ರಕ್ಕೆ ಒಂದು ಕಬ್ಬಿಣದ ಅಚ್ಚು ಮಾಡಿಸಿದರು. ಕಂಬಿಯನ್ನು ಅದರಲ್ಲಿ ಕೂರಿಸಿದರೆ ತೂತು ಸೊಟ್ಟಗಾಗಬೇಕೆಂದರೂ ಆಗುವುದಿಲ್ಲ, ಪ್ರೀತಿಯಲ್ಲಿ ಬಿದ್ದವನು ಕೊರೆದರೂ ಆಗುವುದಿಲ್ಲ. ತೂತು ನೆಟ್ಟಗಾದ ಮೇಲೆ ರಿವೆಟ್ಟು ಬಿಗಿಯಾಯಿತು. ರಿವೆಟ್ಟು ಬಿಗಿಯಾದ ಮೇಲೆ ಕಿರ್ ನಿಂತಿತು. ಅತ್ತಿಗೆ ಹತ್ತುತ್ತಿದ್ದರು, ಧಪ್ ಎನ್ನಿಸುತ್ತಿದ್ದರು, ಏಣಿ ತುಟಿಪಿಟಕ್ ಎನ್ನುತ್ತಿರಲಿಲ್ಲ. ವಾಪಸ್ಸು ಕಳಿಸಲು ಏನೂ ಉಳಿಯಲಿಲ್ಲ.

ಅದನ್ನು ಶೆಡ್ಡಿನ ಎಲ್ಲರೂ ಗಮನಿಸಿದ್ದರು. ಟೀ ಹೊತ್ತಿನಲ್ಲಿ ವೆಲ್ಡಿಂಗ್ ಅಜ್ಜ, ಭಾವನವರಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ, "ನಮ್ಮ ಸ್ಟೂಲಿಗೆಲ್ಲ ಚೀಟಿ ಕಟ್ಟಿದ್ರಪ್ಪ. ಮನೆಯವರ ಕೆಲಸಕ್ಕೆ ಕಟ್ತಾರಾ? ದಾರ ಸಾಲಲ್ಲ ಬಿಡ್ರೋ" ಎಂದ. ಎಲ್ಲರೂ ನಕ್ಕರು. ಭಾವನವರ ಕಿವಿ ಕೆಂಪಾಯಿತು. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು, ಲೋಟವನ್ನು ನೇರ ಮಾಡದೆ.

ಮರುದಿನ ಬೆಳಗಿನ ಮೀಟಿಂಗು. ಎಲ್ಲರೂ ನಿಂತಿದ್ದೇವೆ, ಅತ್ತಿಗೆಯೂ ತಮ್ಮ ಜಾಗದಲ್ಲಿ ಏಣಿಗೆ ಕೈ ಕೊಟ್ಟುಕೊಂಡು ನಿಂತಿದ್ದಾರೆ. ಭಾವನವರು ಜೇಬಿನಿಂದ ಕೆಂಪು ಚೀಟಿ ತೆಗೆದರು. ಶೆಡ್ಡಿನ ಉದ್ದಕ್ಕೂ ನಡೆದುಕೊಂಡು ಬಂದು, ಹೆಂಡತಿಯ ಮುಖ ನೋಡದೆ, ಅವರು ಹಿಡಿದುಕೊಂಡಿದ್ದ ಏಣಿಗೇ ಅದನ್ನು ಕಟ್ಟಿದರು. ಆಮೇಲೆ ನಮ್ಮ ಕಡೆ ತಿರುಗಿ, ತರಬೇತಿಯ ದನಿಯಲ್ಲಿ, "ಮಾಲು ತಯಾರಾದ ಮೇಲೆ ಪರೀಕ್ಷೆ ಮಾಡೋದು ವ್ಯರ್ಥ. ಗುಣಮಟ್ಟ ಕೆಲಸದಲ್ಲೇ ಇರಬೇಕು. ಇವತ್ತಿಂದ ಏಣಿ ಹತ್ತೋ ಕೆಲಸ ಇಲ್ಲ" ಎಂದರು.

ಅತ್ತಿಗೆ ಚೀಟಿಯನ್ನು ತಿರುಗಿಸಿ ಓದಿದರು. ಅಳಲಿಲ್ಲ, ಜಗಳವಾಡಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಗೇಟಿನ ಕಡೆ ನಡೆದರು. ಯಜಮಾನರು ಮಾತ್ರ ಉಬ್ಬಿಹೋದರು. ಭಾವನವರ ಬೆನ್ನು ತಟ್ಟಿ, "ಸ್ವಂತ ಹೆಂಡ್ತೀನೂ ಬಿಡಲಿಲ್ವಲ್ಲ ಮಾರಾಯ, ಇದು ನಿಷ್ಠೆ!" ಎಂದು ಮೆಚ್ಚಿ, ಅತ್ತಿಗೆಯ ಹೆಸರನ್ನು ಅಂದೇ ಹಾಜರಿಯಿಂದ ತೆಗೆಸಿದರು. ಅಂದು ಇಡೀ ದಿನ ಶೆಡ್ಡಿನಲ್ಲಿ ಧಪ್ ಎನ್ನುವ ಸದ್ದು ಕೇಳಲಿಲ್ಲ. ಯಂತ್ರಗಳು ಓಡುತ್ತಿದ್ದರೂ ನನಗೆ ಏನೋ ನಿಂತುಹೋದಂತೆ ಆಗುತ್ತಿತ್ತು, ಬೇಜಾರಾಯಿತು.

ಸಂಜೆ ನನ್ನ ಹೆಂಡತಿ ಅಕ್ಕನ ಮನೆಗೆ ಓಡಿದಳು. ಅವಳಿಗೆ ಅತ್ತಿಗೆ ಹೇಳಿದ್ದು ಇಷ್ಟು: "ಕೆಲಸ ಹೋದ್ರೆ ಹೋಗ್ಲಿ ಕಣೇ. ಇಷ್ಟು ವರ್ಷ ಮಾಡಿದ್ದನ್ನ ಎಲ್ರ ಮುಂದೆ ವ್ಯರ್ಥ ಅಂತ ಕಟ್ಟಿದ್ರಲ್ಲ, ಅದೂ ನನ್ನ ಮುಖಾನೂ ನೋಡದೆ. ಕಟ್ಟಿದೋರು ಎಲ್ರ ಮುಂದೇನೇ ಬಿಚ್ಚಬೇಕು. ಅಲ್ಲೀವರೆಗೂ ಆ ಮನುಷ್ಯನ ಹತ್ರ ನನ್ನದೇನೂ ಮಾತಿಲ್ಲ."

ಮಾತಿಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಅತ್ತಿಗೆ ಗಂಡನ ಪದ್ಧತಿಯನ್ನೇ ಹಿಡಿದರು. ಬೇಕಾದ್ದಷ್ಟೇ ಮಾತು, ಒಂದು ಅಕ್ಷರ ಹೆಚ್ಚಿಲ್ಲ. ಬೆಳಗ್ಗೆ "ನೀರು." ಕೆಲಸಕ್ಕೆ ಹೊರಡುವಾಗ "ಡಬ್ಬಿ." ರಾತ್ರಿ "ಊಟ." ಇವತ್ತು ಏನಾಯ್ತು ಗೊತ್ತಾ, ಪಕ್ಕದ ಮನೆಯವರು ಏನಂದರು ಗೊತ್ತಾ, ಸೊಂಟ ನೋಯ್ತಿದೆ, ಸ್ವಲ್ಪ ಹೊರಗೆ ಹೋಗಿ ಬರೋಣವಾ ಎನ್ನುವ ಕೊಬ್ಬೆಲ್ಲ ಕರಗಿಹೋಯಿತು. ಅಷ್ಟು ತೆಳ್ಳಗಿನ ದಾಂಪತ್ಯವನ್ನು ಯಾವ ತರಬೇತಿಯಲ್ಲೂ ತೋರಿಸಿರಲಿಕ್ಕಿಲ್ಲ. ಭಾವನವರು ಒಂದೇ ತಿಂಗಳಲ್ಲಿ ತಾವೂ ತೆಳ್ಳಗಾದರು.

ಕಾರ್ಖಾನೆಯಲ್ಲೂ ಒಂದು ವಿಚಿತ್ರವಾಯಿತು. ಸಲಹೆಯ ಪೆಟ್ಟಿಗೆಗೆ ಸಲಹೆ ಬೀಳುವುದು ನಿಂತಿತು. ದಿನಾ ಬೆಳಗ್ಗೆ ಭಾವನವರು ಬೀಗ ತೆಗೆದು ಒಳಗೆ ಕೈಯಾಡಿಸಿ, ಬರಿಗೈ ಹೊರಗೆ ತೆಗೆದು, ಯಾರೂ ನೋಡಲಿಲ್ಲ ತಾನೇ ಎಂದು ಅತ್ತಿತ್ತ ನೋಡುತ್ತಿದ್ದರು. ನಾವೆಲ್ಲ ನೋಡುತ್ತಿದ್ದೆವು.

ಅಂಥ ಹೊತ್ತಿನಲ್ಲಿ, ತರಬೇತಿ ಕೊಟ್ಟಿದ್ದ ಮೇಡಂ ಕಾರ್ಖಾನೆ ನೋಡಲು ಬಂದರು. ಅವರು ಸರಿ ಎಂದರೆ ಗಿರಾಕಿ ಸರಿ ಎನ್ನುತ್ತಾನೆ. ಸಣ್ಣ ದನಿಯ ಹೆಂಗಸು, ನಕ್ಕೇ ಮಾತಾಡುವವರು. ಹಳದಿ ಪಟ್ಟಿ ನೋಡಿದರು, ಅಚ್ಚು ನೋಡಿ ಬಹಳ ಮೆಚ್ಚಿಕೊಂಡರು. ಶೆಡ್ಡಿನ ತುದಿಗೆ ಬಂದು, "ಇಲ್ಲಿ ಒಬ್ರು ತಪಾಸಣೆ ಮಾಡ್ತಿದ್ರು ಅಂದ್ರಿ. ಅವರನ್ನ ಈಗ ಯಾವ ಕೆಲಸಕ್ಕೆ ಹಾಕಿದೀರಿ?" ಎಂದು ಕೇಳಿದರು.

"ಮನೆ ಕೆಲಸಕ್ಕೆ" ಎಂದರು ಯಜಮಾನರು, ತಮ್ಮ ಹಾಸ್ಯಕ್ಕೆ ತಾವೇ ನಕ್ಕು.

ಮೇಡಂ ನಗಲಿಲ್ಲ. "ಕೆಲಸ ತೆಗೀಬಹುದು, ಕೆಲಸದವರನ್ನ ತೆಗೀಬಾರದು ಅಂತ ಹೇಳಿದ್ನಲ್ಲ. ಹಾಗೆ ಮಾಡಿದ್ರೆ ನಾಳೆಯಿಂದ ಯಾರು ಬಾಯಿ ಬಿಟ್ಟು ಸಲಹೆ ಕೊಡ್ತಾರೆ? ಕೊನೇ ದಿನ ಪೂರ್ತಿ ಅದೇ ಪಾಠ ಮಾಡಿದ್ದೆ" ಎಂದು ಭಾವನವರ ಕಡೆ ನೋಡಿದರು. ಭಾವನವರು ಯಜಮಾನರ ಕಡೆ ನೋಡಿದರು. ಯಜಮಾನರು ಮೇಲೆ ಫ್ಯಾನಿನ ಕಡೆ ನೋಡಿ, "ನಾನೂ ಇದನ್ನೇ ಹೇಳ್ತಾ ಇದ್ದೆ. ಇವನೇ ಆತುರ ಮಾಡಿದ" ಎಂದುಬಿಟ್ಟರು. ಗಿರಾಕಿ ಕೈಬಿಟ್ಟುಹೋಗುವುದಾದರೆ ಯಜಮಾನರು ತಮ್ಮ ಹೊಟ್ಟೆಗೇ ಬೇಕಾದರೂ ಚೀಟಿ ಕಟ್ಟಿಕೊಳ್ಳುವವರು. ಸೋಮವಾರದೊಳಗೆ ಹೆಂಡತಿಯನ್ನು ಕರೆದುಕೊಂಡು ಬರಬೇಕೆಂದು ಭಾವನವರಿಗೆ ಅಪ್ಪಣೆಯಾಯಿತು.

ಭಾನುವಾರ ನನಗೂ ನನ್ನ ಹೆಂಡತಿಗೂ ಅವರ ಮನೆಯಲ್ಲಿ ಊಟ. ಸಂಧಾನಕ್ಕೆ ಸಾಕ್ಷಿ ಬೇಕೆಂದು ಭಾವನವರೇ ಕರೆದಿದ್ದರು. ಉಂಡು ಕೈತೊಳೆದು ಕೂತ ಮೇಲೆ ಅವರು ಕೆಮ್ಮಿ, "ನಾಳೆಯಿಂದ ಕೆಲಸಕ್ಕೆ ಬರ್ಬೇಕಂತೆ. ಯಜಮಾನ್ರು ಹೇಳಿದಾರೆ. ಬೇರೆ ಕೆಲಸ ಕೊಡ್ತಾರಂತೆ" ಎಂದರು.

ಅತ್ತಿಗೆ ಮೇಜು ಒರೆಸುತ್ತಿದ್ದರು. ಯಾವ ತೊಂದರೆ ಬಂದರೂ ಐದು ಸಲ ಯಾಕೆ ಎಂದು ಕೇಳುತ್ತ ಹೋಗು, ಬುಡ ಸಿಗುತ್ತದೆ ಎಂದು ಭಾವನವರು ತರಬೇತಿಯಿಂದ ಬಂದ ಹೊಸದರಲ್ಲಿ ಹೆಂಡತಿಗೆ ಪಾಠ ಹೇಳಿದ್ದರಂತೆ. ಹೇಳಬಾರದಿತ್ತು.

"ಬರೋದು ಆಮೇಲೆ. ಯಾಕೆ ತೆಗೆದ್ರಿ?" ಎಂದರು ಅತ್ತಿಗೆ.

"ಗೊತ್ತಲ್ಲ. ಏಣಿ ಎಲ್ಲ ಸರಿಯಾಗಿ ಬರ್ತಿದ್ವು. ಹತ್ತೋ ಅಗತ್ಯ ಇರಲಿಲ್ಲ."

"ಸರಿ ಬರೋಕೆ ಶುರುವಾಗಿ ಎಷ್ಟೋ ದಿನ ಆಗಿತ್ತು. ಅವತ್ತೇ ಯಾಕೆ?"

"ಹಿಂದಿನ ದಿನ ಟೀ ಕುಡಿಯೋವಾಗ ಮಾತು ಬಂತು. ಅಜ್ಜ ಏನೋ ಅಂದ."

"ಅಜ್ಜ ಅಂದ್ರೆ ನೀವು ಯಾಕೆ ಮಾಡ್ಬೇಕು?"

"ಹೆಂಡ್ತಿ ಅಂತ ಬಿಟ್ಟಿದಾರೆ ಅಂತ ಜನ ಮಾತಾಡ್ಕೋಬಾರ್ದು ಅಂತ."

"ಸರಿ. ಹಾಗಾದ್ರೂ ಎಲ್ರ ಮುಂದೆ ಯಾಕೆ? ಒಳಗೆ ಕರೆದು ಹೇಳ್ಬಹುದಿತ್ತು."

"ಎಲ್ರೂ ನೋಡ್ಲಿ ಅಂತಾನೇ. ಒಳಗೆ ಹೇಳಿದ್ರೆ ಯಾರು ನಂಬ್ತಿದ್ರು?"

ಅತ್ತಿಗೆ ಒರೆಸುವ ಬಟ್ಟೆ ಕೆಳಗಿಟ್ಟು ಗಂಡನ ಎದುರಿಗೇ ಕೂತರು. "ಹಿಂದಿನ ರಾತ್ರಿ ಇಲ್ಲೇ ಕೂತು ಊಟ ಮಾಡಿದ್ರಿ. ನನಗೆ ಒಂದು ಮಾತು ಯಾಕೆ ಹೇಳ್ಲಿಲ್ಲ?"

ಭಾವನವರು ಮೇಜಿನ ಮೇಲಿದ್ದ ಲೋಟವನ್ನು ನೇರ ಮಾಡಿದರು, ನೇರವಾಗಿದ್ದನ್ನು ಮತ್ತೆ ನೇರ ಮಾಡಿದರು. ನಾನು ಎದ್ದು ಹೊರಗೆ ಹೋಗೋಣವೆಂದುಕೊಂಡೆ. ನನ್ನವಳು ಮೊಣಕೈಯಿಂದ ತಿವಿದು ಕೂರಿಸಿದಳು.

"ಹೆದರಿಕೆ" ಎಂದರು ಕೊನೆಗೆ. "ಹೇಳಿದ್ರೆ ನಿನ್ನ ಮುಖ ನೋಡ್ಬೇಕಲ್ಲ. ನೋಡಿದ್ರೆ ನನ್ನ ಕೈಯಲ್ಲಿ ಆಗ್ತಿರಲಿಲ್ಲ. ಆಗ್ಲಿಲ್ಲ ಅಂದ್ರೆ ಶೆಡ್ಡಲ್ಲಿ ನನ್ನ ನೋಡಿ ನಗ್ತಾರೆ. ಲೀನೂ ಇಲ್ಲ, ಏನೂ ಇಲ್ಲ. ಅವರು ನಗ್ತಾರೆ ಅಂತ ಹೆದರಿಕೊಂಡು ನಿನ್ನ ಮರ್ಯಾದೆ ತೆಗೆದೆ."

"ಇದನ್ನ ಮೊದಲನೇ ಯಾಕೆಗೇ ಹೇಳಿದ್ದಿದ್ರೆ ನಾಲ್ಕು ಯಾಕೆ ಉಳೀತಿತ್ತು" ಎಂದರು ಅತ್ತಿಗೆ. ನನ್ನವಳು ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. "ಈಗ ಇಲ್ಲಿ ಹೇಳಿದ್ದನ್ನ ನಾಳೆ ಅಲ್ಲಿ ಹೇಳಿ. ಎಲ್ರ ಮುಂದೆ. ಆಮೇಲೆ ನೋಡೋಣ."

ಸೋಮವಾರ ಬೆಳಗ್ಗೆ ಎಲ್ಲರೂ ನಿಂತಿದ್ದೆವು. ಅತ್ತಿಗೆ ಬಾಗಿಲ ಬಳಿ ನಿಂತಿದ್ದರು, ಒಳಗೂ ಅಲ್ಲದೆ ಹೊರಗೂ ಅಲ್ಲದೆ. ಆ ಏಣಿ ಚೀಟಿಯ ಸಮೇತ ಇನ್ನೂ ಅವರ ಹಳೆಯ ಜಾಗದಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ನನಗೂ ಆಗಿರಲಿಲ್ಲ. ಭಾವನವರು ಬಂದು ದಾರ ಬಿಚ್ಚಲು ನೋಡಿದರು. ಗಂಟು ಬಿಗಿಯಾಗಿತ್ತು, ಕೊನೆಗೆ ಹಲ್ಲಿನಿಂದ ಕಚ್ಚಿ ಕಿತ್ತರು. ಇಷ್ಟು ವರ್ಷ ಆ ಮನುಷ್ಯನ ಮುಖಭಂಗ ನೋಡಬೇಕೆಂದು ಕಾದಿದ್ದವನು ನಾನು. ನೋಡುವುದಕ್ಕೆ ಆಗಲಿಲ್ಲ, ಸಂಕಟವಾಯಿತು.

"ನಾನು ಇದನ್ನ ಕಟ್ಟಿದ್ದು ತಪ್ಪು" ಎಂದರು ಭಾವನವರು. ತರಬೇತಿಯ ದನಿ ಎಲ್ಲಿ ಹೋಗಿತ್ತೋ. "ಏಣಿ ಸರಿ ಬರ್ತಿತ್ತು, ಅದು ನಿಜ. ಆದ್ರೆ ನಾನು ಕಟ್ಟಿದ್ದು ಅದಕ್ಕಲ್ಲ. ನೀವೆಲ್ಲ ನಗ್ತೀರಿ ಅಂತ ಹೆದರಿಕೊಂಡು ಕಟ್ಟಿದೆ. ಇವರು ಇಷ್ಟು ವರ್ಷ ಹತ್ತಿ ನೋಡಿದ್ದಕ್ಕೆ ನಮ್ಮ ಏಣಿಯಿಂದ ಒಬ್ಬರೂ ಬಿದ್ದಿಲ್ಲ. ಅದನ್ನ ವ್ಯರ್ಥ ಅಂತ ಬರೆದೆ. ಕ್ಷಮಿಸ್ಬೇಕು" ಎಂದು ಬಾಗಿಲ ಕಡೆ ತಿರುಗಿದರು.

"ಹೆದರಿದ್ದೇ ಬಂತು ಸಾಹೇಬ್ರೇ" ಎಂದ ವೆಲ್ಡಿಂಗ್ ಅಜ್ಜ. "ಕಟ್ಟದೇ ಇದ್ರೂ ನಗ್ತಿದ್ವಿ, ಕಟ್ಟಿದ ಮೇಲೂ ನಕ್ವಿ." ಆದರೆ ಹಾಗೆನ್ನುವಾಗ ಅವನೂ ನಗುತ್ತಿರಲಿಲ್ಲ.

ಯಜಮಾನರು ಇದೇ ಸಮಯವೆಂದು ಮುಂದೆ ಬಂದು, "ಆಯ್ತಲ್ಲ! ಇನ್ನೇನಮ್ಮ, ನಿಮ್ಮ ಜಾಗ ನಿಮ್ಮದೇ. ಮೊದಲಿನ ಹಾಗೇ ಏಣಿ ಹತ್ಕೊಂಡಿರಿ" ಎಂದು ಉದಾರವಾಗಿ ಕೈ ಬೀಸಿದರು.

ಅತ್ತಿಗೆ ಒಳಗೆ ಬಂದರು. ಗಂಡನ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು, ಮುದುರಿದ್ದನ್ನು ಬೆರಳಿನಿಂದ ಸರಿಮಾಡಿದರು.

"ಬೇಡ ಸಾರ್. ಆ ಕೆಲಸ ಈಗ ಬೇಕಾಗಿಲ್ಲ. ಅಚ್ಚು ಬಂದ ಮೇಲೆ ಒಂದೂ ಕಿರ್ ಅನ್ನಲಿಲ್ಲ. ಅದು ಎಲ್ರಿಗಿಂತ ಮೊದಲು ಗೊತ್ತಾಗಿದ್ದು ನನ್ನ ಕಾಲಿಗೆ. ನಮ್ಮನೆಯವರ ಕೆಲಸ ಗೆದ್ತು ಅಂತ ಒಳಗೊಳಗೇ ಖುಷಿಪಟ್ಟುಕೊಂಡು ಹತ್ತುತ್ತಿದ್ದೆ" ಎಂದು ಭಾವನವರ ಕಡೆ ತಿರುಗಿದರು. "ಒಂದು ಮಾತು ಕೇಳಿದ್ದಿದ್ರೆ ಇದನ್ನ ನಾನೇ ಕಟ್ತಿದ್ದೆ ಕಣ್ರೀ."

ಭಾವನವರು ಎಲ್ಲರೆದುರಿಗೆ ಅತ್ತರು. ಯಾರೂ ನಗಲಿಲ್ಲ. ಅತ್ತಿಗೆ ಯಜಮಾನರಿಗೆ, ರಿವೆಟ್ಟಿನ ಕೆಲಸ ಕಲಿಯುತ್ತೇನೆ, ಯಾರಾದರೂ ಕಲಿಸಲಿ ಎಂದರು. ಆಮೇಲೆ ಸೈರನ್ ಆಯಿತು, ಎಲ್ಲರೂ ನಮ್ಮ ನಮ್ಮ ಜಾಗಕ್ಕೆ ಹೋದೆವು.